ಆರಾಮ್ ಇದ್ದವರ ಪಟ್ಟಿ

ಹೊಸ ಯಂತ್ರ ಕಂಡರೆ ಅದರ ಗುಂಡಿಗಳನ್ನೆಲ್ಲ ಒತ್ತಿ ನೋಡುವವರೆಗೆ ನನಗೆ ಊಟ ಸೇರುವುದಿಲ್ಲ. ಇದೂ ಒಂದು ರೋಗವೇ ಇರಬೇಕು. ಇದಕ್ಕೆ ಎಲ್ಲಿ ಸೂಜಿ ಚುಚ್ಚಬೇಕೆಂದು ಮಾತ್ರ ನನ್ನ ಗುರುಗಳು ಹೇಳಿಕೊಡಲಿಲ್ಲ. ಭಾಲ್ಕಿಯಲ್ಲಿ ನಾನು ಸೂಜಿ ಡಾಕ್ಟರ್. ಔಷಧ ತುಂಬಿದ ಸೂಜಿಯಲ್ಲ, ಕೂದಲಿನಷ್ಟು ತೆಳ್ಳಗಿನ ಬರೀ ಸೂಜಿ. ಚೀನಾದವರ ಹಳೆಯ ವಿದ್ಯೆ, ಹೈದರಾಬಾದಿನಲ್ಲಿ ಕಲಿತದ್ದು. ನಾಡಿ ಹಿಡಿ, ನಾಲಿಗೆ ನೋಡು, ಚುಚ್ಚು. ಯಾರಿಗೆ ಎಲ್ಲಿ ಚುಚ್ಚಿದೆನೆಂಬ ಲೆಕ್ಕವೆಲ್ಲ ಇಷ್ಟು ವರ್ಷ ಒಂದು ನೋಟ್‌ಬುಕ್ಕಿನಲ್ಲೇ ನಡೆದಿತ್ತು.

ಆ ನೋಟ್‌ಬುಕ್ಕಿನ ಹೊಟ್ಟೆಯ ಮೇಲೆ ಕಲ್ಲು ಹಾಕಿದವನು ನಾನೇ. ನಮ್ಮ ವಿದ್ಯೆಗೆಂದೇ ಮಾಡಿದ ಕಂಪ್ಯೂಟರ್ ಪ್ರೋಗ್ರಾಮ್ ಇದೆಯೆಂದು ಕೇಳಿ ತರಿಸಿಕೊಂಡೆ. ನಾಲಿಗೆಯ ಬಣ್ಣ ಆರಿಸದೆ ಅದು ಮುಂದಕ್ಕೇ ಬಿಡದು. ನಮ್ಮವರೋ ದವಡೆಯಲ್ಲಿ ಎಲೆ-ಅಡಿಕೆ ಇಟ್ಟುಕೊಂಡೇ ಬರುವವರು. ಎಲ್ಲರದ್ದೂ ಕಡುಗೆಂಪು. ಮೊದಲ ವಾರವೇ ಇಡೀ ಭಾಲ್ಕಿಗೆ ಉಷ್ಣವಾಗಿದೆಯೆಂದು ಯಂತ್ರ ತೀರ್ಪು ಕೊಟ್ಟಿತು. ಎರಡು ವರ್ಷದಿಂದ ಮಳೆ ಇರಲಿಲ್ಲವಾದ್ದರಿಂದ ಯಾರೂ ತಕರಾರು ಮಾಡಲಿಲ್ಲ.

ಅದರ ಮೊದಲ ಪ್ರಶ್ನೆ, ರೋಗಿ ಈಗ ಹೇಗಿದ್ದಾರೆ ಎಂಬುದು. ನಾನು ಕೇಳುತ್ತಿದ್ದೆ, ಅವರು ಅಂದದ್ದನ್ನು ಪ್ರಾಮಾಣಿಕವಾಗಿ ಒತ್ತುತ್ತಿದ್ದೆ. ನಮ್ಮ ಕಡೆ ಮಂಚದ ಮೇಲೆ ಹೊತ್ತು ತಂದವರನ್ನು ಕೇಳಿದರೂ ಮೊದಲು ಬರುವ ಮಾತು "ಆರಾಮ್ ಇದ್ದೇನ್ರಿ, ನೀವು?" ಎಂದೇ. ಕುಳಿತು, ನೀರು ಕುಡಿದು, ಮಕ್ಕಳುಮರಿ ವಿಚಾರಿಸಿ, ಆಮೇಲೆ ರೋಗದ ಮಾತು. ಹೀಗೆ ಬೆಳೆದ ನನಗೇ ಅದು ಹೊಳೆಯಲಿಲ್ಲ. ಯಂತ್ರಕ್ಕೆ ಅಷ್ಟು ತಾಳ್ಮೆಯೂ ಇರಲಿಲ್ಲ. ಆರಾಮ್ ಎಂದವರ ಚಿಕಿತ್ಸೆ ಮುಗಿಯಿತೆಂದು, ಆ ದಿನದ್ದೆಲ್ಲ ಬರೆಸಿಕೊಂಡ ಮೇಲೆ ಅವರ ಕಡತಕ್ಕೆ ಬೀಗ ಹಾಕುತ್ತಿತ್ತು.

ಇದು ಗೊತ್ತಾದದ್ದು ಸಾಯಗಾಂವದ ಶಾಂತಾಬಾಯಿ ಬಂದ ದಿನ. ಮರುದಿನ ಮುಂಜಾನೆಯ ಬಸ್ಸಿಗೆ ಅವರು ಊರಿನ ಹತ್ತಾರು ಜನರೊಂದಿಗೆ ಕಟ್ಟಡದ ಕೆಲಸಕ್ಕೆ, ಕೂಲಿಯಾಳುಗಳ ಮೇಸ್ತ್ರಿ ಮುಕಾದಮನ ಹಿಂದೆ ಪುಣೆಗೆ ಹೊರಟಿದ್ದರು. ಬಲಗೈ ಮತ್ತೆ ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಮೂರು ಸಲ ಬಂದಿದ್ದರು, ಎರಡು ಸಲ ನೋಟ್‌ಬುಕ್ಕಿನ ಕಾಲದಲ್ಲಿ, ಒಮ್ಮೆ ಯಂತ್ರ ಬಂದ ಮೇಲೆ. ಆ ಮೂರನೆಯ ಸಲದ ಸೂಜಿಯಷ್ಟೇ ಗುಣ ಕೊಟ್ಟಿತ್ತು. ಅದು ಯಾವ ಜಾಗ? ತೆರೆದು ನೋಡಿದರೆ ಬೀಗ. ಎಷ್ಟು ಗುಂಡಿ ಒತ್ತಿದರೂ ಅಷ್ಟೇ.

"ಯಾಕ್ರಿ ಡಾಕ್ಟರ್ ಸಾಬ್, ಮಷಿನ್ ಏನ್ ಅಂತದ?"

"ನಿಮಗ ಆರಾಮ್ ಆಗ್ಯಾದ ಅಂತದ್ರಿ."

"ಅದಕ್ಕೇನ್ ಗೊತ್ತರಿ? ಈ ಕೈ ಏಳಲಿಲ್ಲಂದ್ರ ತಲಿ ಮ್ಯಾಲ ಬುಟ್ಟಿ ಹ್ಯಾಂಗ ಇಟ್ಕೊಳ್ಲಿ? ಮುಕಾದಮ ಅದೇ ಬಸ್ಸಿಗಿ ವಾಪಸ್ ಕಳಸ್ತಾನ."

ನಾನು ಮತ್ತೊಂದು ಗುಂಡಿಗೆ ಬೆರಳು ಚಾಚಿದೆ. ಅವರೇ ಸೀರೆಯ ಅಂಚು ಸ್ವಲ್ಪ ಎತ್ತಿ ಮೊಣಕಾಲಿನ ಕೆಳಗೆ ಬೆರಳಿಟ್ಟರು. "ಹೋದ ಸಲ ಇಲ್ಲಿ ಚುಚ್ಚಿದ್ರಿ. ಕೈ ಬ್ಯಾನಿಗಿ ಕಾಲಿಗ್ಯಾಕ ಸೂಜಿ ಅಂತ ನಾ ನಕ್ಕಿದ್ನಲ್ರಿ, ಮರತ್ರೇನು?"

ಅಲ್ಲೇ ಚುಚ್ಚಿದೆ. ಕೈ ತಿರುಗಿಸುತ್ತ ಇರಿ ಎಂದೆ. ಸ್ವಲ್ಪ ಹೊತ್ತಿಗೆ ಅದು ಕಿವಿಯವರೆಗೆ ಎದ್ದಿತು. ಅವರು ನಕ್ಕರು, ನನಗೆ ಮಾತ್ರ ನಾಚಿಕೆಯಾಯಿತು. ಅಂದೇ ಹಳೆಯ ನೋಟ್‌ಬುಕ್ಕನ್ನು ಹುಡುಕಿ ತೆಗೆದೆ. ಯಾರನ್ನೇ ಆಗಲಿ ಎರಡನೇ ಸಲ ಕೇಳಿಯೇ ಬರೆಯಬೇಕೆಂದು ನಿಶ್ಚಯಿಸಿದೆ.

ತಿಂಗಳಾದ ಮೇಲೆ ಶಾಂತಾಬಾಯಿ ಪುಣೆಯಿಂದ ಫೋನು ಮಾಡಿದರು. ಆರಾಮ್ ಇದ್ದೇನೆ ಎಂದರು. ನಾನು ಊಟ, ನೀರು, ಮಕ್ಕಳು ಎಲ್ಲ ವಿಚಾರಿಸಿ ಮತ್ತೆ ಕೇಳಿದೆ, "ಈಗ ಖರೇ ಹೇಳ್ರಿ, ಭುಜ ಹ್ಯಾಂಗದ?"

"ಸಂಜೀಕ ಹಿಡಿತದ್ರಿ. ಕಾಲಿನ ಅದೇ ಜಾಗ ಒತ್ಕೊಂಡು ಕೈ ತಿರುಗಸ್ತೇನಿ, ಬಿಡ್ತದ. ಬುಟ್ಟಿ ಹೊರ್ಲಿಕತ್ತೇನಿ. ನೀವು ಆರಾಮ್ ಇದ್ದೀರೇನ್ರಿ?"

ಬೀಗ ಬಿದ್ದ ರೋಗಿಗಳನ್ನೆಲ್ಲ ಮತ್ತೆ ಕೇಳಿ, ಬಗ್ಗಿ ಕುಳಿತು ನೋಟ್‌ಬುಕ್ಕಿಗೆ ಬರೆದು ಬರೆದು ನನ್ನ ಕುತ್ತಿಗೆ ನಾಲ್ಕು ದಿನದಿಂದ ಯಾವ ಕಡೆಗೂ ಹೊರಳುತ್ತಿರಲಿಲ್ಲ.

"ಆರಾಮ್ ಇದ್ದೇನ್ರಿ" ಎಂದೆ. ಅವರು ಎರಡನೇ ಸಲ ಕೇಳುವಷ್ಟರಲ್ಲಿ ಫೋನು ಕಟ್ಟಾಯಿತು.