ವಾಚಣ್ಣನವರ ವೆಲ್ಡಿಂಗು

ಆಸ್ಪತ್ರೆಯಿಂದ ಹಿಂದಿರುಗುವಾಗ ವಾಚಣ್ಣನವರ ಹೆಂಡತಿಯ ಎಡಗಾಲಿನ ಚಪ್ಪಲಿ ಕಾರಿನ ತಳದ ತೂತಿನಿಂದ ಜಾರಿ ರಸ್ತೆಗೆ ಬಿತ್ತು. ಚಪ್ಪಲಿ ಬಿದ್ದದ್ದು ದೊಡ್ಡ ವಿಷಯವಲ್ಲ. ಹಿಂದೆ ಬೈಕಿನಲ್ಲಿ ಬರುತ್ತಿದ್ದವರು ವಾಹನ ತಪಾಸಣೆಯ ಇನ್‌ಸ್ಪೆಕ್ಟರ್ ಆಗಿದ್ದದ್ದು ಗ್ರಹಚಾರ. ಅವರು ಕಾರಿಗೆ ಅಡ್ಡ ಬಂದು ನಿಂತು, ಚಪ್ಪಲಿಯ ಜೊತೆಗೆ ಒಂದು ಚೀಟಿಯನ್ನೂ ಕೊಟ್ಟು ಹೋದರು. ನಾಳೆ ಸಂಜೆ ನಾಲ್ಕರೊಳಗೆ ತುಕ್ಕು ತೆಗೆಸಿ, ತೂತು ಮುಚ್ಚಿಸಿ, ಕಚೇರಿಗೆ ತಂದು ತೋರಿಸದಿದ್ದರೆ ಕಾರು ಜಪ್ತಿ.

ವಾಚಣ್ಣ ಎಂದರೆ ಬೀದಿಯ ಮೂಲೆಯಲ್ಲಿ ಕೈಗಡಿಯಾರ ರಿಪೇರಿ ಮಾಡುವವರು. ಹೆಂಡತಿಯ ಎರಡೂ ಕಿಡ್ನಿ ಕೈಕೊಟ್ಟು ಎರಡು ವರ್ಷವಾಗಿತ್ತು. ವಾರಕ್ಕೆ ಮೂರು ಸಲ ಡಯಾಲಿಸಿಸ್, ಸರದಿ ಬೆಳಗಿನ ಐದೂವರೆಗೆ, ಆಸ್ಪತ್ರೆ ಮೂವತ್ತು ಕಿಲೋಮೀಟರ್ ದೂರ. ಆ ಹೊತ್ತಿಗೆ ಬಸ್ಸಿಲ್ಲ. ಬಾಡಿಗೆ ಗಾಡಿಯವನೊಬ್ಬ ಬರುತ್ತೇನೆಂದು ಹೇಳಿ ನಿದ್ದೆ ಹೊಡೆದ ದಿನ ಒಂದು ಸರದಿ ತಪ್ಪಿತು. ಆಕೆ ಮುಖವೆಲ್ಲ ಊದಿ ಉಸಿರಿಗೆ ಒದ್ದಾಡಿದ್ದನ್ನು ವಾಚಣ್ಣ ಕಣ್ಣಾರೆ ನೋಡಿದ್ದರು. ಅಂದಿನಿಂದ ಆ ಇಪ್ಪತ್ತೆಂಟು ವರ್ಷದ ಮುದಿ ಕಾರೇ ಆಕೆಯ ಮೂರನೆಯ ಕಿಡ್ನಿ. ಮುಂದಿನ ಸರದಿ ನಾಡಿದ್ದು ಬೆಳಿಗ್ಗೆ.

ಮರುದಿನ ಏಳು ಗಂಟೆಗೇ ಎರಡು ಗ್ಯಾರೇಜಿನವರು ಕಾರಿನ ಕೆಳಗೆ ಬಗ್ಗಿ ನೋಡಿ, “ಒಂದು ವಾರ ಬಿಟ್ಟು ಬನ್ನಿ” ಎಂದರು. ಮೂರನೆಯವನು ಬಗ್ಗಲೂ ಇಲ್ಲ. ಸಪ್ಪೆ ಮೋರೆ ಹಾಕಿಕೊಂಡು ಮನೆಗೆ ಬಂದರೆ ಪಕ್ಕದ ಮನೆಯ ಫೋರ್‌ಮನ್ ಕಾಂಪೌಂಡಿನ ಮೇಲಿಂದ ಕತ್ತು ಚಾಚಿದರು. ನಿವೃತ್ತರಾಗಿ ಆರು ವರ್ಷವಾಗಿದ್ದರೂ ಬೀದಿಯಲ್ಲಿ ನಡೆಯುವ ಎಲ್ಲ ಕೆಲಸಕ್ಕೂ ತಾವೇ ಫೋರ್‌ಮನ್ ಎಂದು ಅವರು ತಿಳಿದಿದ್ದರು.

“ಅಲ್ರೀ ವಾಚಣ್ಣ, ಕೂದಲಿನಂಥ ತಂತಿಗೆ ಬೆಸುಗೆ ಹಾಕೋ ಕೈ ನಿಮ್ಮದು. ಇದೂ ಅದೇ ಕೆಲಸ, ಸ್ವಲ್ಪ ದಪ್ಪ ಅಷ್ಟೇ. ನನ್ನ ಹತ್ರ ವೆಲ್ಡಿಂಗ್ ಮಿಷನ್ನೇ ಬಿದ್ದಿದೆ.”

“ಹಾಗಾದ್ರೆ ನೀವೇ ಮಾಡಿಕೊಡಬಹುದಲ್ಲ ಸಾರ್?”

“ಮಾಡೋದು ಯಾರು ಬೇಕಾದ್ರೂ ಮಾಡ್ತಾರೆ. ಮಾಡ್ಸೋದು ಕಷ್ಟ. ಮೂವತ್ತು ವರ್ಷ ಮಾಡ್ಸಿದೀನಿ ನಾನು.”

ಕಿಟಕಿಯ ಪಕ್ಕ ಮಲಗಿದ್ದ ಹೆಂಡತಿ ಒಳಗಿಂದಲೇ ಕೂಗಿದರು. “ರೀ, ಅವರು ಮಾಡ್ಸಿದ್ದು ಬಿಸ್ಕತ್ ಫ್ಯಾಕ್ಟರೀಲಿ!”

ಫೋರ್‌ಮನ್ ಕೇಳಿಸದವರಂತೆ ಮಿಷನ್ ತರಲು ಹೋದರು.

ಮೊದಲು ಸೀಟು ಬಿಚ್ಚಿ, ಮ್ಯಾಟು ಸರಿಸಿ, ಗ್ರೈಂಡರ್ ಹಿಡಿದು ತುಕ್ಕು ಉಜ್ಜುವ ಕೆಲಸ. “ತುಕ್ಕು ಅಂದ್ರೆ ಹುಳುಕು ಹಲ್ಲಿದ್ದ ಹಾಗೆ. ಒಂಚೂರು ಬಿಟ್ರೂ ಪಕ್ಕಕ್ಕೆ ಹೋಗುತ್ತೆ” ಎಂದು ಫೋರ್‌ಮನ್ ಕುರ್ಚಿ ಹಾಕಿಕೊಂಡು ಕೂತರು. “ಆ ಸೀಟಿನ ಮುಂದಿನ ಪಟ್ಟಿ ನೋಡಿ, ಹೆಂಗೆ ತರಿತರಿಯಾಗಿದೆ. ಅದನ್ನೂ ಉಜ್ಜಿ. ಕನ್ನಡಿ ಆಗ್ಬೇಕು, ಕನ್ನಡಿ!” ವಾಚಣ್ಣನವರಿಗೆ ಅರೆಬರೆ ಕೆಲಸ ಗೊತ್ತಿಲ್ಲ. ಎರಡು ಗಂಟೆ ಹೊಟ್ಟೆಯ ಮೇಲೆ ಮಲಗಿ ಉಜ್ಜಿದರು. ಪಟ್ಟಿ ಫಳಫಳ ಹೊಳೆಯಿತು. ಆದರೆ ತುಕ್ಕೆಲ್ಲ ಉದುರಿದ ಮೇಲೆ, ಚಪ್ಪಲಿ ಬೀಳುವಷ್ಟಿದ್ದ ತೂತು ಚಪ್ಪಲಿ ಹಾಕಿಕೊಂಡವರೇ ಬೀಳುವಷ್ಟಾಯಿತು.

ಅಷ್ಟು ಅಗಲದ ತಗಡು ಎಲ್ಲಿಂದ ತರುವುದು? ಫೋರ್‌ಮನ್ ಬೀದಿಯತ್ತ ಕಣ್ಣಾಡಿಸಿದರು. ಅವರ ಕಣ್ಣು ವಾಚಣ್ಣನವರ ಅಂಗಡಿಯ ‘ಕೈಗಡಿಯಾರ ರಿಪೇರಿ ಮಾಡಲಾಗುವುದು’ ಬೋರ್ಡಿನ ಮೇಲೆ ಬಂದು ನಿಂತಿತು. ಇಪ್ಪತ್ತು ವರ್ಷ ಬಿಸಿಲು ತಿಂದರೂ ಬಾಗದ ಗಟ್ಟಿ ತಗಡು. ವಾಚಣ್ಣ ಮನೆಯತ್ತ ತಿರುಗಿ ನೋಡಿದರು. ಕಿಟಕಿಯಲ್ಲಿ ಹೆಂಡತಿಯ ಊದಿದ ಕೈ ಕಾಣುತ್ತಿತ್ತು. ಬೋರ್ಡು ಇಳಿಸಿಕೊಂಡು ಬಂದು ಕತ್ತರಿಸಿದರು.

ವೆಲ್ಡಿಂಗ್ ಮಿಷನ್ನಿನ ಸ್ವಿಚ್ ಹಾಕಿದ ತಕ್ಷಣ ಇಡೀ ಕಟ್ಟಡದ ಕರೆಂಟು ಹೋಯಿತು. ಮೇಲಿನ ಮನೆಯ ಮಹಡಿಯಮ್ಮ ಬಾಲ್ಕನಿಗೆ ಬಂದು, “ಯಾರ್ರೀ ಅದು? ಅರ್ಧ ತಲೆ ತೊಳೆದಿದೀನಿ, ಬಿಸಿನೀರು ನಿಂತೋಯ್ತು!” ಎಂದು ಗದರಿದರು. ಫ್ಯೂಸ್ ಹಾಕಿಸಿದ ಮೇಲೂ ಒಳಗೆ ಹೋಗಲಿಲ್ಲ. ತಲೆಗೆ ಟವೆಲ್ ಸುತ್ತಿಕೊಂಡು, ಒಂದು ಬಕೆಟ್ ಸೋಪಿನ ನೀರನ್ನೂ ಪಕ್ಕದಲ್ಲಿಟ್ಟುಕೊಂಡು ಅಲ್ಲೇ ಕಾವಲು ನಿಂತರು.

ಕಣ್ಣಿಗೆ ಹಿಡಿಯುವ ಕಪ್ಪು ಗಾಜಿನ ಮುಖವಾಡ ಇದ್ದದ್ದು ಒಂದೇ. ಅದನ್ನು ಫೋರ್‌ಮನ್ ಹಾಕಿಕೊಂಡರು.

“ಸಾರ್, ಅದು ನನಗಲ್ವಾ?”

“ನೀವು ಕಣ್ಣು ಮುಚ್ಕೊಂಡು ಬೆಸುಗೆ ಹಾಕ್ರೀ. ಸರಿ ಹೋಗ್ತಿದೆಯೋ ಇಲ್ವೋ ಅಂತ ನೋಡೋನು ನಾನಲ್ವಾ?”

ವಾಚಣ್ಣ ಕಣ್ಣು ಮುಚ್ಚಿಕೊಂಡು ಹಾಕಿದರು. ಬೆಸುಗೆಯ ರಾಡು ತಗಡಿಗೆ ಅಂಟಿಕೊಂಡಿತು. ಕಿತ್ತರೆ ತಗಡೂ ಬಂತು. ಕಣ್ಣು ತೆರೆದು ಹಾಕಿದರು. ಸಾಲು ನೇರವಾಯಿತು, ಕಣ್ಣು ಉರಿಯತೊಡಗಿತು. “ಎಡಕ್ಕೆ!” ಎಂದರು ಫೋರ್‌ಮನ್. “ಬಲಕ್ಕೆ!” ಎಂದರು ಮಹಡಿಯಮ್ಮ. ನಡುವೆ ಬಾಗಿಲಿನಿಂದ ಹೊರಗೆ ಎಳೆದಿಟ್ಟಿದ್ದ ಕಾರಿನ ಮ್ಯಾಟು ಹೊತ್ತಿಕೊಂಡಿತು. “ಅಯ್ಯೋ ಬೆಂಕಿ!” ಎಂದು ಮಹಡಿಯಮ್ಮ ಬಕೆಟ್ ಎತ್ತಿ ಸುರಿದೇ ಬಿಟ್ಟರು. ಅರ್ಧ ನೀರು ಬೆಂಕಿಗೆ, ಇನ್ನರ್ಧ ಕೈಯಲ್ಲಿ ಕರೆಂಟು ಹಿಡಿದಿದ್ದ ವಾಚಣ್ಣನವರಿಗೆ ಬಿತ್ತು. ಅದೇ ಗಳಿಗೆಯಲ್ಲಿ ಮತ್ತೆ ಫ್ಯೂಸ್ ಹೋಗಿದ್ದರಿಂದ ಅವರು ಬದುಕಿದರು.

“ರೀ, ಇದ್ದೀರಾ?” ಎಂದು ಒಳಗಿಂದ ಹೆಂಡತಿ ಕೇಳಿದರು.

“ಇದ್ದೀನಿ ಕಣೇ.”

“ಹುಷಾರು. ನೀವು ಹೋದ್ರೆ ಕಾರು ಯಾರು ಓಡಿಸ್ತಾರೆ?”

ಮೂರು ಗಂಟೆಗೆ ಕೆಲಸ ಮುಗಿಯಿತು. ತಗಡು ಬಂಡೆಯಂತೆ ಕೂತಿತ್ತು. ವಾಚಣ್ಣ ಸೀಟು ಕೂರಿಸಿ, ಒದ್ದೆ ಅಂಗಿಯಲ್ಲೇ ಕಾರು ಹೊರಡಿಸಿದರು. ಕಣ್ಣಿನೊಳಗೆ ಮರಳು ತುಂಬಿದಂತಾಗಿ ನೀರು ಧಾರೆಯಾಗಿ ಸುರಿಯುತ್ತಿತ್ತು. ತಪಾಸಣೆ ಕಚೇರಿ ಮುಟ್ಟಿದಾಗ ನಾಲ್ಕಕ್ಕೆ ಹತ್ತು ನಿಮಿಷವಿತ್ತು.

“ಅಳಬೇಡ್ರೀ, ನಾನೇನು ರಾಕ್ಷಸನಲ್ಲ” ಎಂದು ಇನ್‌ಸ್ಪೆಕ್ಟರ್ ಬಾಗಿಲು ತೆಗೆದರು. ತಗಡಿನ ಮೇಲೆ ಬೂಟುಗಾಲಿನಿಂದ ನಾಲ್ಕು ಸಲ ಒದ್ದರು. ಕಾಲು ನೋಯಿತೇ ಹೊರತು ತಗಡು ಅಲುಗಲಿಲ್ಲ. ಬಗ್ಗಿ, ‘ರಿಪೇರಿ ಮಾಡಲಾಗು’ ಎಂಬ ಅಕ್ಷರಗಳನ್ನು ಓದಿ ನಕ್ಕರು.

“ಭೇಷ್! ಇಷ್ಟು ಗಟ್ಟಿ ಕೆಲಸ ಗ್ಯಾರೇಜಿನವರೂ ಮಾಡಲ್ಲ. ಯಾರು ಮಾಡಿದ್ದು?”

ಬೆಳಿಗ್ಗೆಯಿಂದ ಎಲ್ಲರ ಮಾತು ಕೇಳಿ ಕೇಳಿ ಸುಸ್ತಾಗಿದ್ದ ವಾಚಣ್ಣನವರಿಗೆ ಎದೆ ಉಬ್ಬಿ ಬಂತು. “ನಾನೇ ಸಾರ್. ಬೇರೆ ಯಾರೂ ಒಂದು ಬೆರಳೂ ಹಾಕಿಲ್ಲ.”

“ಈ ಸೀಟಿನ ಮುಂದಿನ ಪಟ್ಟಿ ಉಜ್ಜಿದ್ದು?”

“ಅದೂ ನಾನೇ ಸಾರ್! ಎರಡು ಗಂಟೆ ಹಿಡೀತು. ಒಂದು ಚುಕ್ಕೆಯೂ ಉಳಿಸಿಲ್ಲ, ಬೇಕಾದ್ರೆ ಕೈಯಾಡಿಸಿ ನೋಡಿ.”

ಇನ್‌ಸ್ಪೆಕ್ಟರ್ ಕೈಯಾಡಿಸಿದರು. ಟಾರ್ಚು ಬಿಟ್ಟು ನೋಡಿದರು. ನಗು ಆರಿತು. ಹೇಳಿದ್ದನ್ನೆಲ್ಲ ನಿಧಾನವಾಗಿ ಬರೆದುಕೊಂಡು, “ಇಲ್ಲೊಂದು ಸಹಿ ಹಾಕಿ” ಎಂದರು. ವಾಚಣ್ಣ ಖುಷಿಯಿಂದ ಹಾಕಿದರು.

“ಕಾರ್ಖಾನೆಯವರು ಕಾರಿನ ಚಾಸಿ ನಂಬರ್ ಕೊರೆದಿರೋದು ಆ ಪಟ್ಟಿಯ ಮೇಲೆ. ಪ್ಲೇಟು, ಇಂಜಿನ್ನು ಯಾರು ಬೇಕಾದ್ರೂ ಬದಲಾಯಿಸಬಹುದು, ಕಾರಿನ ಖಾಯಂ ಗುರುತು ಅದೊಂದೇ. ಅದನ್ನ ಉಜ್ಜಿ ಹಾಕೋರು ಕಾರು ಕದ್ದವರು ಮಾತ್ರ.”

ವಾಚಣ್ಣ ಕಾರಿನ ನೋಂದಣಿ ಪುಸ್ತಕ ಎತ್ತಿ ಹಿಡಿದರು. “ಸಾರ್, ನನ್ನದೇ ಕಾರು ಸಾರ್! ಪುಸ್ತಕ ಇದೆ, ನೋಡಿ!”

“ಪುಸ್ತಕದಲ್ಲಿ ನಂಬರಿದೆ, ಕಾರಲ್ಲಿಲ್ಲ. ಆ ಪುಸ್ತಕ ಈ ಕಾರಿದ್ದು ಅಂತ ಹೇಗೆ ನಂಬಲಿ?”

“ನಿನ್ನೆ ನೀವೇ ಕಣ್ಣಾರೆ ನೋಡಿದ್ರಲ್ಲ ಸಾರ್, ಇದೇ ಕಾರು!”

“ನಿನ್ನೆ ನಾನು ನೋಡಿದ ಕಾರಿಗೆ ತೂತಿತ್ತು” ಎಂದರು ಇನ್‌ಸ್ಪೆಕ್ಟರ್. “ಇದಕ್ಕೆಲ್ಲಿದೆ?”

ವಾಚಣ್ಣ ಹೆಂಡತಿಯ ವಿಷಯ ಹೇಳಿಕೊಂಡರು, ಕೈಮುಗಿದರು. ಇನ್‌ಸ್ಪೆಕ್ಟರ್ ಪಾಪ ಎಂದರು, ಒಂದು ಲೋಟ ನೀರೂ ತರಿಸಿಕೊಟ್ಟರು. ಆದರೆ ಕಾರಿನ ಕೀ ಕೊಡಲಿಲ್ಲ. ನಿಜವಾದ ಮಾಲೀಕರು ಪತ್ತೆಯಾಗುವವರೆಗೆ ಕಾರು ಕಚೇರಿಯಲ್ಲೇ ಇರತಕ್ಕದ್ದು ಎಂದು ಬರೆದ ರಸೀದಿಯನ್ನು ಮಾತ್ರ ಕೊಟ್ಟರು.

ಗೇಟಿನ ಹೊರಗೆ ನಿಂತಿದ್ದಾಗ ಹೆಂಡತಿಯ ಫೋನು ಬಂತು.

“ಏನಾಯ್ತ್ರೀ? ತೂತು ನೋಡಿದ್ರಾ?”

“ನೋಡಿದ್ರು. ತುಂಬಾ ಗಟ್ಟಿ ಕೆಲಸ ಅಂದ್ರು ಕಣೇ.”

“ಸದ್ಯ! ಬೆಳಿಗ್ಗೆಯಿಂದ ಜೀವ ಕೈಯಲ್ಲಿ ಹಿಡ್ಕೊಂಡಿದ್ದೆ.” ಆಕೆಯ ದನಿ ಇಷ್ಟು ಹಗುರವಾಗಿದ್ದದ್ದನ್ನು ವಾಚಣ್ಣ ಕೇಳಿ ಎಷ್ಟೋ ತಿಂಗಳಾಗಿತ್ತು. “ಹಾಗಾದ್ರೆ ನಾಳೆ ನಾಲ್ಕು ಗಂಟೆಗೆ ಅಲಾರಂ ಇಟ್ಟು ಮಲಗ್ತೀನಿ, ಆಯ್ತಾ?”

ವಾಚಣ್ಣ ರಸೀದಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು.

“ಹ್ಞೂಂ, ಇಡು” ಎಂದರು.