ಕೊಲೆಗಾರನೊಬ್ಬ ಬೇಕಾಗಿದ್ದಾನೆ

ಶುಕ್ರವಾರ ಬೆಳಿಗ್ಗೆ ತಿಲಕ್ ಮಾಡಿದ ತಪ್ಪು ಇಷ್ಟೇ: ಸಂಜೆಯ ನಾಟಕದಲ್ಲಿ ಕೊಲೆಗಾರ ಯಾರು ಎಂಬುದನ್ನು ಆ ಕೊಲೆಗಾರನಿಗೇ ಫೋನ್ ಮಾಡಿ ತಿಳಿಸಿದ.

ಕುವೈತಿನ ಕನ್ನಡ ಬಳಗವೊಂದರ ವಾರ್ಷಿಕೋತ್ಸವಕ್ಕೆ ಅವನು ಬರೆದ ಪತ್ತೇದಾರಿ ನಾಟಕದ ಕಥೆ ನಡೆಯುವುದು ಫ್ರಾನ್ಸಿನ ಪುಟ್ಟ ಹಳ್ಳಿಯೊಂದರಲ್ಲಿ. ತಿಲಕ್ ಫ್ರಾನ್ಸ್ ನೋಡಿದವನಲ್ಲ. ಅವನು ಎಣ್ಣೆ ಶುದ್ಧೀಕರಣದ ಲ್ಯಾಬಿನಲ್ಲಿ ಕೆಮಿಸ್ಟ್. ಮನೆಯಿರುವ ಮಂಗಫ್‌ನಿಂದ ಹೊರಡುವ ಕಂಪನಿ ಬಸ್ಸಿನ ಗಾಜಿಗೆ ತಲೆ ಆನಿಸಿದರೆ ಸಾಕು, ಹೊರಗಿನ ಹಳದಿ ಧೂಳಿನ ಮಬ್ಬಿನೊಳಗಿಂದ ಆ ಹಳ್ಳಿ, ತಣ್ಣಗಾಗುವ ದ್ರಾವಣದಲ್ಲಿ ಹರಳು ಕಟ್ಟುವ ಹಾಗೆ, ಮೆಲ್ಲಗೆ ಮೂಡುತ್ತಿತ್ತು. ಕಲ್ಲು ಹಾಸಿದ ಓಣಿ, ನೇರಳೆ ಹೂವಿನ ಬಯಲು, ಇಗರ್ಜಿಯ ಗಂಟೆ, ಬ್ರೆಡ್ ಬೇಯುವ ಪರಿಮಳ. ಅದಕ್ಕೆ ವಾಲ್‌ಫ್ಲೆರ್ ಎಂದು ಹೆಸರಿಟ್ಟು ವರ್ಷವಿಡೀ ಅಲ್ಲೇ ವಾಸ ಮಾಡಿದ್ದ. ಒಂದು ಮುಂಜಾನೆ ಅಲ್ಲಿನ ಮೇಯರ್ ಓಣಿಯಲ್ಲಿ ಸತ್ತು ಬಿದ್ದಿರುತ್ತಾನೆ. ಕೊಂದವನು ಬ್ರೆಡ್ ಮಾಡುವವನು. ಬಾಗಿಲ ಬಳಿ ಬಿದ್ದ ಬಿಳಿ ಹಿಟ್ಟಿನಿಂದ ಹಿಡಿದು ಆರಿಹೋದ ಒಲೆಯವರೆಗೆ ಪ್ರತಿ ಸುಳಿವೂ ಅವನತ್ತಲೇ ಬೊಟ್ಟು ಮಾಡುತ್ತದೆ. ತಾನು ಕಂಡ ಆ ಹಳ್ಳಿಯನ್ನು, ಕಂಡ ಹಾಗೆಯೇ, ಒಮ್ಮೆ ನಾಲ್ಕು ಜನ ನೋಡಬೇಕು. ತಿಲಕನಿಗೆ ಬೇಕಿದ್ದದ್ದು ಅಷ್ಟೇ.

ನಟರಿಗೆ ಕೊಲೆಗಾರ ಯಾರೆಂದು ಮೊದಲೇ ಗೊತ್ತಿದ್ದರೆ ಮುಖದಲ್ಲಿ ಕಾಣುತ್ತದೆ ಎಂದು ಲ್ಯಾಬಿನ ಬುದ್ಧಿ ಓಡಿಸಿ, ಕೊನೆಯ ದೃಶ್ಯವನ್ನು ಯಾರಿಗೂ ಹೇಳದೆ ರಿಹರ್ಸಲ್ ಮಾಡಿಸಿದ್ದ. ಬಳಗದಲ್ಲಿ ಇನ್ನೊಂದು ಪದ್ಧತಿಯೂ ಇತ್ತು: ಕಾರ್ಯಕ್ರಮಕ್ಕೆ ಏನಾದರೂ ಒದಗಿಸಿದವರಿಗೆ ಒಂದು ಪಾತ್ರ ಕಡ್ಡಾಯ. ಹವಲ್ಲಿಯಲ್ಲಿ ಬೇಕರಿ ಇಟ್ಟಿದ್ದ ಉಮರ್ ಕಾಕ ಇಡೀ ಸಭೆಗೆ ತಿಂಡಿ ಕೊಡುವವರು. ಬ್ರೆಡ್ ಮಾಡುವವನ ಪಾತ್ರ ಅವರದೇ.

"ನಾನು ಬ್ರೆಡ್ಡಿಗೆ ವಿಷ ಹಾಕುದಾ?" ಫೋನಿನಲ್ಲಿ ಉಮರ್ ಕಾಕನ ದನಿ ಕಾದ ಕಾವಲಿಯ ಮೇಲೆ ಬಿದ್ದ ನೀರಿನಂತೆ ಚುರ್ರೆಂದಿತು. "ಎಂತ ಮಾತು ಮಾರಾಯ ಇದು? ನಾಳೆ ನನ್ನ ಅಂಗಡಿಯ ಬನ್ನನ್ನು ಯಾರು ಬಾಯಿಗಿಡ್ತಾರೆ?"

"ಕಾಕ, ಅದು ನಾಟಕ..."

"ತಿಂಡಿ ನಾಟಕದ್ದಲ್ಲ ಅಲ್ವಾ? ನಾನು ಕೊಲೆಗಾರ ಆದ್ರೆ ಒಂದು ಪಫ್ಸ್ ಕೂಡ ಬರುದಿಲ್ಲ. ಖಲಾಸ್!"

ಸ್ವಲ್ಪ ಹೊತ್ತಿಗೆ ಬಳಗದ ಅಧ್ಯಕ್ಷ ಕೊರಗಪ್ಪನವರ ಫೋನ್ ಬಂತು. ನಾಟಕದಲ್ಲಿ ಇನ್‌ಸ್ಪೆಕ್ಟರ್ ಅವರೇ. "ತಿಂಡಿ ಇಲ್ಲದೆ ನಮ್ಮವರು ಕೂರುದಿಲ್ಲ ಮಾರಾಯ. ಕೊಲೆಗಾರನನ್ನು ಬದಲು ಮಾಡು. ಒಂದು ಹೆಸರು ತಾನೆ?"

"ಹೆಸರಲ್ಲ ಕೊರಗಪ್ಪಣ್ಣ, ಹಿಟ್ಟಿನ ಸುಳಿವು ಉಂಟಲ್ಲ..."

"ಹಿಟ್ಟನ್ನು ಸುಣ್ಣ ಮಾಡು. ಪಾದ್ರಿಯೇ ಕೊಂದದ್ದು ಅಂತ ಹೇಳು. ಯಲ್ಲಾ, ಬೇಗ ಮಾಡು!"

ತಿಲಕ್ ಕಣ್ಣು ಮುಚ್ಚಿದ. ವಾಲ್‌ಫ್ಲೆರ್‌ನ ಬ್ರೆಡ್ ಅಂಗಡಿಯ ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು. ಇಗರ್ಜಿಯ ಗೋಡೆಗೆ ಯಾರೋ ಅವಸರದಲ್ಲಿ ಸುಣ್ಣ ಬಳಿಯತೊಡಗಿದರು.

ಪಾದ್ರಿಯ ಪಾತ್ರ ಸೆಡ್ರಿಕ್‌ನದು. ಮೈಕು, ದೀಪ ಎಲ್ಲ ಅವನೇ ತರುವವನು. ಮಧ್ಯಾಹ್ನ ಸಾಲ್ಮಿಯಾದ ಶಾಲೆಯ ಹಾಲಿನಲ್ಲಿ ವೈರು ಎಳೆಯುತ್ತಿದ್ದವನಿಗೆ ಸುದ್ದಿ ಹೇಳಿದ್ದೇ, ಏಣಿಯ ತುದಿಯಲ್ಲಿ ನಿಂತೇ ಎದೆಗೆ ಶಿಲುಬೆಯ ಗುರುತು ಹಾಕಿಕೊಂಡ.

"ದೇವಾ! ನಮ್ಮ ಫಾದರ್ ಮೊದಲ ಸಾಲಿನಲ್ಲಿ ಕೂತಿರ್ತಾರೆ ತಿಲಕ್. ನಾನು ಇಗರ್ಜಿಯಲ್ಲಿ ಹಾಡಿಸುವ ಕ್ವಯರ್ ಲೀಡರ್. ಈ ವೈರು ಈಗಲೇ ಸುತ್ತಬೇಕಾ, ಹೇಳಿ."

ಸುಣ್ಣ ಮುಖದ ಪೌಡರ್ ಆಯಿತು, ಕೊಲೆ ಹೂ ಮಾರುವವಳ ತಲೆಗೆ ಬಂತು. ಆ ಪಾತ್ರದ ಪುಷ್ಪಾವತಿ ಬ್ಯೂಟಿ ಪಾರ್ಲರ್ ನಡೆಸುವವಳು. ಎಲ್ಲರ ಮೇಕಪ್ಪು ಅವಳದೇ. ಮೇಯರನಾಗಿ ಸಾಯಬೇಕಿದ್ದ ಇನ್ಶೂರೆನ್ಸ್ ಏಜೆಂಟ್ ಲಿಗೋರಿಯ ಅರ್ಧ ಮುಖಕ್ಕೆ ಹೆಣದ ಬಣ್ಣ ಬಳಿದಿದ್ದವಳು ಅಲ್ಲಿಗೇ ಬ್ರಷ್ ಕೆಳಗಿಟ್ಟಳು.

"ತಿಲಕಣ್ಣ, ನಾನು ಕೊಲೆ ಮಾಡಿದ್ದೇನೆ ಅಂತ ಗೊತ್ತಾದ್ರೆ, ನಾಳೆ ನನ್ನ ಕತ್ತರಿಗೆ ಯಾವ ಹೆಂಗಸು ಕುತ್ತಿಗೆ ಕೊಡ್ತಾಳೆ?"

"ಉಳಿದ ಅರ್ಧ ಮುಖ?" ಎಂದ ಲಿಗೋರಿ.

"ಅದನ್ನು ಇವರ ಹತ್ರ ಕೇಳಿ."

ತಿಲಕ್ ಕೊನೆಯ ಆಸೆಯಿಂದ ಅಧ್ಯಕ್ಷರತ್ತ ತಿರುಗಿದ. "ಹಾಗಾದ್ರೆ ಇನ್‌ಸ್ಪೆಕ್ಟರೇ ಕೊಲೆಗಾರ ಅಂತ ಮಾಡುವನಾ, ಕೊರಗಪ್ಪಣ್ಣ?"

"ಬರುವ ತಿಂಗಳು ಬಳಗದ ಎಲೆಕ್ಷನ್ ಉಂಟು," ಎಂದರು ಕೊರಗಪ್ಪ, ಟೋಪಿ ಸರಿಮಾಡಿಕೊಳ್ಳುತ್ತ. "ಒಂದು ಕೆಲಸ ಮಾಡು. ಮೇಯರನಿಗೆ ಹಾರ್ಟ್ ಅಟ್ಯಾಕ್ ಅಂತ ಹೇಳಿ ಮುಗಿಸು."

"ಮತ್ತೆ ಎರಡು ಗಂಟೆ ನೀವು ತನಿಖೆ ಮಾಡುದು ಎಂತಕ್ಕೆ?"

ಅಧ್ಯಕ್ಷರು ಯೋಚಿಸಿದರು. ತನಿಖೆಯಲ್ಲಿ ಅವರ ಡೈಲಾಗೇ ಹೆಚ್ಚು. "ಹಾಗಾದ್ರೆ ಕೊಲೆ ಇರಲಿ. ಹೊರಗಿನವ ಯಾರಾದ್ರೂ ಬರಲಿ. ಏನೂ ಕೊಡದವ." ಎಲ್ಲರ ಕಣ್ಣೂ ಒಟ್ಟಿಗೇ ತಿಲಕನ ಮೇಲೆ ಬಿದ್ದವು. ಅವನು ಬಳಗಕ್ಕೆ ಕೊಟ್ಟದ್ದು ನಾಟಕ ಒಂದನ್ನೇ.

"ಅಮ್ಮ ಊರಲ್ಲಿ ಲೈವ್ ನೋಡ್ತಾರೆ. ಅಳಿಯ ಕೊಲೆಗಾರ ಅಂತ ಹೇಗೆ ಹೇಳುದು?" ಎಂದಳು ಹೆಂಡತಿ ಸುಪ್ರೀತಾ. ಆದರೂ ಗಂಡನ ಮುಖ ನೋಡಿ ಅವಳೇ ಅವನಿಗೊಂದು ಕೋಟು ಹುಡುಕಿಕೊಟ್ಟಳು.

ಸಂಜೆ ಪರದೆ ಎದ್ದಿತು. ಹಾಲು ತುಂಬಿತ್ತು. ಮೂರು ಅಂಕಗಳ ಸುಳಿವುಗಳೆಲ್ಲ ಉಮರ್ ಕಾಕನತ್ತ ಓಡಿದವು. ಅವರು ಮುಗುಳ್ನಗುತ್ತ ಎಲ್ಲವನ್ನೂ ಪಕ್ಕಕ್ಕೆ ಬಿಟ್ಟರು. ಕೊನೆಗೆ, ಅದುವರೆಗೆ ಯಾರೂ ನೋಡಿರದ ಒಬ್ಬ ಅಪರಿಚಿತ ವೇದಿಕೆಗೆ ಬಂದು ಇನ್‌ಸ್ಪೆಕ್ಟರನ ಮುಂದೆ ಕೈ ಚಾಚಿ ನಿಂತ.

"ನಾನೇ ಕೊಂದೆ," ಎಂದ ತಿಲಕ್.

ಮುಂದಿನ ಮಾತು ಬರೆದಿರಲಿಲ್ಲ. ದೀಪದ ಬೆಳಕಿನಲ್ಲಿ ಧೂಳು ತೇಲುತ್ತಿತ್ತು. ಅದರ ಹಿಂದೆ ವಾಲ್‌ಫ್ಲೆರ್ ನಿಂತಿತ್ತು, ಗಾಯಗೊಂಡು. "ಈ ಊರನ್ನು ನಾನು ಬಹಳ ಪ್ರೀತಿಸಿದೆ ಸಾಹೇಬರೇ," ಎಂದ. "ದಿನಾ ಕಿಟಕಿಯಿಂದ ನೋಡುತ್ತಿದ್ದೆ. ಮೊದಲು ಬ್ರೆಡ್ಡಿನ ಅಂಗಡಿಯನ್ನು ಮುಚ್ಚಿಸಿದೆ. ಆಮೇಲೆ ಇಗರ್ಜಿಯ ಗಂಟೆ ನಿಲ್ಲಿಸಿದೆ. ಹೂಗಳನ್ನು ಒಣಗಿಸಿದೆ. ಯಾರೂ ಒತ್ತಾಯ ಮಾಡಲಿಲ್ಲ. ಕೇಳಿದರು, ನಾನು ಆಗಲಿ ಎಂದೆ." ಕಣ್ಣಿಂದ ನೀರು ಇಳಿಯಿತು. ಅದು ನಟನೆಯಾಗಿರಲಿಲ್ಲ.

ಒಂದು ಗಳಿಗೆ ಕಲ್ಲಿನ ಓಣಿ ಒದ್ದೆಯಾಗಿ ಹೊಳೆಯಿತು. ಅವನೊಬ್ಬನೇ ಅಲ್ಲ, ಎಲ್ಲರೂ ಅದನ್ನು ನೋಡುತ್ತಿದ್ದಾರೆ ಎನಿಸಿತು. ಮರುಗಳಿಗೆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. "ಕೊಲೆಗಾರ ಇವನೇ ಅಂತ ಯಾರಿಗೂ ಗೊತ್ತಾಗ್ಲೇ ಇಲ್ಲ!" ಎಂದು ಮೊದಲ ಸಾಲಿನಿಂದ ಫಾದರ್ ಕೂಗಿದರು. ಹೆಂಗಸರು ಕಣ್ಣೊರೆಸಿಕೊಂಡರು. ಸೆಲ್ಫಿಗೆ ಸಾಲು ಹತ್ತಿತು. ಊರಿನಿಂದ ಅತ್ತೆಯ ಮೆಸೇಜೂ ಬಂತು: ಅಳಿಯ ಅತ್ತದ್ದು ನೋಡಿ ತಾವೂ ಅತ್ತರಂತೆ.

ಪರದೆಯ ಹಿಂದೆ ಹೋದಾಗ ತಿಲಕ್ ಮೋಡದ ಮೇಲಿದ್ದ. ಅಲ್ಲಿ ಉಮರ್ ಕಾಕ ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು.

"ಅದು ನನ್ನ ಪಾರ್ಟ್ ಅಲ್ವಾ ಮಾರಾಯ? ನನ್ನ ಹೊಟ್ಟೆಗೆ ಹೊಡೆದೆಯಲ್ಲ! ಇಷ್ಟು ಚಪ್ಪಾಳೆ ಉಂಟು ಅಂತ ಬೆಳಿಗ್ಗೆ ಯಾಕೆ ಹೇಳ್ಲಿಲ್ಲ?"

"ಉಮರ್ ಕಾಕ ಬೇಡ ಅಂದ ಮೇಲೆ ನನಗೆ ಬಂದದ್ದು ಅದು," ಎಂದ ಸೆಡ್ರಿಕ್. "ಫಾದರೇ ಕೇಳಿದ್ರು, ನೀನು ಯಾಕೆ ಕೊಲೆ ಮಾಡ್ಲಿಲ್ಲ ಅಂತ."

"ಅಳುದಾದ್ರೆ ನಾನು ಇನ್ನೂ ಚೆಂದ ಅಳ್ತಿದ್ದೆ," ಎಂದಳು ಪುಷ್ಪಾವತಿ.

ಅರ್ಧ ಮುಖ ಸತ್ತಿದ್ದ ಲಿಗೋರಿ ಎದ್ದು ಬಂದ. "ಎರಡು ಗಂಟೆ ನೆಲದಲ್ಲಿ ಮಲಗಿದ್ದೇನೆ. ಒಂದು ಸೆಲ್ಫಿ ಇಲ್ಲ. ನನಗೂ ಕೊಲೆಗಾರನ ಪಾರ್ಟೇ ಬೇಕು."

ಅಷ್ಟರಲ್ಲಿ ಪರದೆಯಾಚೆ ಕೊರಗಪ್ಪನವರು ಮೈಕು ಹಿಡಿದು ಘೋಷಿಸಿಯೇ ಬಿಟ್ಟಿದ್ದರು: ಪ್ರೇಕ್ಷಕರ ಒತ್ತಾಯದ ಮೇರೆಗೆ ಬರುವ ತಿಂಗಳು ಮಂಗಫ್‌ನಲ್ಲಿ ಇದೇ ನಾಟಕದ ಮರುಪ್ರದರ್ಶನ. ಒಳಗೆ ಬಂದು ಟೋಪಿ ತೆಗೆದು ಬೆವರೊರೆಸಿಕೊಂಡು, ತಿಲಕನ ಹೆಗಲ ಮೇಲೆ ಕೈಹಾಕಿದರು.

"ಇನ್‌ಸ್ಪೆಕ್ಟರೇ ಕೊಲೆಗಾರ ಅಂತ ನೀನು ಹೇಳಿದ್ದೆಯಲ್ಲ, ಅದು ಒಳ್ಳೆ ಐಡಿಯಾ. ಎಲೆಕ್ಷನ್‌ಗೂ ಒಳ್ಳೇದು."

ಐದೂ ಜನ ಒಟ್ಟಿಗೇ ಮಾತಿಗೆ ತೊಡಗಿದರು. ಆ ಗದ್ದಲದ ನಡುವೆ ತಿಲಕ್ ಕೇಳಿದ: "ಹಾಗಾದ್ರೆ ನಾನು?"

"ಕೊಲೆಗಾರ ಯಾರು ಅಂತ ಆಮೇಲೆ ಮೀಟಿಂಗ್ ಕರೆದು ನೋಡುವ," ಎಂದರು ಅಧ್ಯಕ್ಷರು. "ಲಿಗೋರಿ ಇನ್ನು ಸಾಯುದಿಲ್ಲ ಅಂತಾನಲ್ಲ, ಹೆಣ ಮಾತ್ರ ನೀನೇ."