ಕೀ ತೆಗೆದ ಮೇಲೆ

ಬೈಕಿಗೆ ಬೆಂಕಿ ಹತ್ತಬಹುದಿತ್ತು. ತಪ್ಪು ತಂತಿ ಕತ್ತರಿಸಿ, ಬ್ರೇಕ್ ಲೈಟು ಸತ್ತು, ಹಿಂದಿನ ಲಾರಿ ಬಂದು ಗುದ್ದಬಹುದಿತ್ತು. ಮಳೆನೀರು ಇಳಿದು ಫ್ಯೂಸ್ ಹಾರಿಹೋಗಬಹುದಿತ್ತು. ಶೋರೂಮಿನವರು "ನೀವೇ ಬಿಚ್ಚಿದ್ದೀರಲ್ಲ ಸಾರ್" ಎಂದು ವಾರಂಟಿಗೆ ಕೈಯೆತ್ತಿಬಿಡಬಹುದಿತ್ತು. ಶಿರಾ ಹತ್ತಿರ ನಾಯಿ ಅಡ್ಡ ಬರಬಹುದಿತ್ತು. ಎರಡು ವರ್ಷದ ಹಿಂದೆ ಭಾವನ ಎದೆಯೊಳಗೆ ಕೂರಿಸಿದ ಸ್ಟೆಂಟು ಹಿರಿಯೂರಿನ ಬಿಸಿಲಿಗೆ ಸರಿದುಬಿಡಬಹುದಿತ್ತು. (ಸ್ಟೆಂಟು ಹಾಗೆಲ್ಲ ಸರಿಯುವುದಿಲ್ಲ ಎಂದು ಡಾಕ್ಟರು ನನಗೆ ಮೂರು ಸಲ ಹೇಳಿದ್ದಾರೆ. ಮೂರು ಸಲ ಹೇಳಿದ್ದರಿಂದಲೇ ನನಗೆ ಅನುಮಾನ!)

ಇದು ಅರವತ್ತೆರಡು ವಯಸ್ಸಿನ ನಮ್ಮ ಭಾವ, ಅಂದರೆ ನನ್ನ ಅಕ್ಕನ ಗಂಡ, ಬೆಂಗಳೂರಿನ ಯಡಿಯೂರಿನಿಂದ ಹಂಪಿಗೆ ಒಬ್ಬರೇ ಬೈಕಿನಲ್ಲಿ ಹೊರಡುವ ಮುಂಚೆ ನಾನು ಮನಸ್ಸಿನಲ್ಲೇ ಮಾಡಿಟ್ಟುಕೊಂಡಿದ್ದ ಪಟ್ಟಿ.

ಭಾವನ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ದಕ್ಷಿಣ ಬೆಂಗಳೂರಿನಲ್ಲಿ ಅವರಷ್ಟು ಸ್ವಿಚ್ ಆಫ್ ಮಾಡಿದ ಮನುಷ್ಯ ಇನ್ನೊಬ್ಬನಿಲ್ಲ! ಸ್ವಂತ ಮನೆಯಲ್ಲಾದರೆ ಸರಿ. ಪದ್ಮನಾಭನಗರದ ನಮ್ಮ ಮನೆಗೆ ಬಂದರೂ ಚಪ್ಪಲಿ ಬಿಡುವ ಮುಂಚೆ ವರಾಂಡದ ದೀಪ ಆರಿಸುತ್ತಾರೆ. ಒಮ್ಮೆ ಜಯನಗರದ ಛತ್ರವೊಂದರಲ್ಲಿ, ನಿಶ್ಚಿತಾರ್ಥದ ದಿನ, ವೇದಿಕೆಯ ಫ್ಯಾನು ನಿಲ್ಲಿಸಿಬಿಟ್ಟರು. ಪುರೋಹಿತರು ಬೆವರೊರೆಸಿಕೊಂಡು ಕೇಳಿದರೆ, "ನೀವು ಎದ್ದು ಹೋದ್ರಲ್ಲ ಸ್ವಾಮಿ, ಎಲೆ ಅಡಿಕೆ ತರೋಕೆ?" ಎಂದರಂತೆ. ಅಕ್ಕನ ದೂರು ಇನ್ನೂ ಘೋರ. "ನಾನು ಕೂತಿರೋ ರೂಮಿನ ಲೈಟೇ ಆರಿಸ್ತಾರೆ ಕಣೋ. ಯಾಕ್ರೀ ಅಂದ್ರೆ, ನೀನು ಅಲ್ಲಾಡ್ತಾ ಇರಲಿಲ್ಲ ಅಂತಾರೆ!"

ಇಂಥವರು ನಿವೃತ್ತಿಯಾದ ಮೇಲೆ ದೂರ ಪ್ರಯಾಣದ ದೊಡ್ಡ ಬೈಕು ಕೊಂಡರು. ಅದಕ್ಕೆ ಎರಡು ಮಂಜಿನ ದೀಪ, ಫೋನಿಗೊಂದು ಚಾರ್ಜರು ಬೇಕು. ಸಾಮಾನು ಮಾರುವ ಅಂಗಡಿಯವನು ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ: "ಡೈರೆಕ್ಟಾಗಿ ಬ್ಯಾಟರಿಗೆ ಕೊಟ್ಬಿಡ್ತೀನಿ ಅಂಕಲ್, ಹತ್ತು ನಿಮಿಷದ ಕೆಲಸ."

"ಡೈರೆಕ್ಟಾ? ಹಂಗಾದ್ರೆ ಕೀ ಯಾತಕ್ಕಪ್ಪಾ ಕೊಟ್ಟಿರೋದು? ಕಿವಿ ಕೆರ್ಕೊಳ್ಳೋಕಾ?"

ಕೀ ಹಾಕಿದಾಗ ಉರಿಯಬೇಕು, ತೆಗೆದ ಮೇಲೆ ಒಂದು ತೊಟ್ಟು ಕರೆಂಟೂ ಕುಡಿಯಬಾರದು. ಇದು ಭಾವನ ಸಿದ್ಧಾಂತ. ಅದನ್ನು ಅವರೇ ಕೈಯಾರೆ ಜಾರಿಗೆ ತರಲು ಮೂರು ಭಾನುವಾರ ಹಿಡಿಯಿತು. ಸೀಟು ಬಿಚ್ಚಿ, ಕೈಯಲ್ಲಿ ಪುಟ್ಟ ಟೆಸ್ಟ್ ಲ್ಯಾಂಪ್ ಹಿಡಿದು, ಕೀ ತಿರುಗಿಸಿದಾಗ ಮಾತ್ರ ಜೀವ ಬರುವ ತಂತಿ ಯಾವುದು ಎಂದು ಒಂದೊಂದನ್ನೇ ಮುಟ್ಟಿ ನೋಡಿದರು. ಕೀ ತಿರುಗಿಸುವ ಜವಾಬ್ದಾರಿ ನನ್ನದು. "ಹಾಕು!" "ತೆಗಿ!" "ಹಾಕು ಅಂದ್ನಲ್ಲಯ್ಯಾ!" ಬ್ಯಾಂಕಿನಲ್ಲಿ ಹನ್ನೆರಡು ಜನರಿಗೆ ಮ್ಯಾನೇಜರಾಗಿರುವ ನಾನು ಗೇಟಿನೊಳಗೆ ಹೀಗೆ ಕವಾಯತು ಮಾಡುವುದನ್ನು ಕೆರೆಗೆ ವಾಕಿಂಗ್ ಹೊರಟವರೆಲ್ಲ ನಿಂತು ನೋಡಿದರು.

ಕೊನೆಗೆ ಹಿಂದಿನ ದೀಪದ ತಂತಿ ಸಿಕ್ಕಿತು. ಆದರೆ ಅದು ಬಡಕಲು ತಂತಿ, ಇಷ್ಟೆಲ್ಲ ಭಾರ ತಡೆಯುವುದಿಲ್ಲ. ಅದಕ್ಕೊಂದು ರಿಲೇ ಹಾಕಬೇಕು. ಭಾವ ಅಕ್ಕನನ್ನೂ ಕರೆದು ವಿವರಿಸಿದರು: "ನೋಡು, ಈ ಸಣ್ಣ ತಂತಿ ಬರೀ ಅಪ್ಪಣೆ ಕೊಡುತ್ತೆ. ನಿಜವಾದ ಕರೆಂಟು ಬ್ಯಾಟರಿಯಿಂದ ಫ್ಯೂಸ್ ದಾಟಿ ಈ ದಪ್ಪ ತಂತೀಲಿ ಬಂದು ಕೆಲಸ ಮಾಡುತ್ತೆ."

"ಗೊತ್ತು ಬಿಡಿ," ಎಂದಳು ಅಕ್ಕ. "ಮೂವತ್ತೈದು ವರ್ಷದಿಂದ ಇದೇ ಮನೇಲಿ ನಾನು ದಪ್ಪ ತಂತಿ."

ನನ್ನ ಕಾಣಿಕೆಯೂ ಒಂದಿರಲಿ ಎಂದು ಟ್ರ್ಯಾಕರ್ ತಂದುಕೊಟ್ಟೆ. ಬೈಕಿಗೆ ಸಿಕ್ಕಿಸಿದರೆ ನನ್ನ ಫೋನಿನ ನಕ್ಷೆಯಲ್ಲಿ ಹಸಿರು ಚುಕ್ಕಿಯಾಗಿ ಭಾವ ಎಲ್ಲಿದ್ದಾರೆಂದು ಕಾಣುತ್ತದೆ. ಎರಡು ವರ್ಷದ ಹಿಂದೆ ಆಸ್ಪತ್ರೆಯ ಮುಚ್ಚಿದ ಬಾಗಿಲಿನ ಹೊರಗೆ, ಒಳಗೇನಾಗುತ್ತಿದೆ ಎಂದು ತಿಳಿಯದೆ ನಾಲ್ಕು ಗಂಟೆ ಕೂತಿದ್ದವನು ನಾನು. ಇನ್ನೊಂದು ಸಲ ಹಾಗೆ ಕೂರುವ ಶಕ್ತಿ ನನಗಿರಲಿಲ್ಲ. ಇದನ್ನು ಹೇಳಲಿಲ್ಲ. "ಆಫರಿನಲ್ಲಿತ್ತು ಭಾವ" ಎಂದೆ.

ಟ್ರ್ಯಾಕರನ್ನು ನೇರವಾಗಿ ಬ್ಯಾಟರಿಗೇ ಕೊಡಬೇಕೆಂದು ಡಬ್ಬಿಯ ಮೇಲೆ ಬರೆದಿತ್ತು. ಭಾವ ಕನ್ನಡಕ ಏರಿಸಿ ಓದಿದರು. "ಕೀ ತೆಗೆದ ಮೇಲೂ ಕುಡೀತಾ ಕೂರುತ್ತಾ ಇದು? ನನ್ನ ಗಾಡೀಲಿ ಅಂಥ ಕುಡುಕರಿಗೆ ಜಾಗ ಇಲ್ಲ!" ಅದನ್ನೂ ರಿಲೇಗೇ ಸೇರಿಸಿಬಿಟ್ಟರು. ಮರುಮಾತಾಡಲು ನಾನ್ಯಾರು? ಕೀ ತಿರುಗಿಸುವವನು!

ಹೊರಟ ದಿನ ರಜೆ ಹಾಕಿ ಅಕ್ಕನ ಮನೆಯಲ್ಲೇ ಕೂತೆ. ಚುಕ್ಕಿ ಊರು ದಾಟಿತು, ನೆಲಮಂಗಲ ದಾಟಿತು. ತುಮಕೂರು ಕಳೆದು ಸ್ವಲ್ಪ ದೂರದಲ್ಲಿ, ಹೆದ್ದಾರಿಯ ಮೇಲೆ, ಪಕ್ಕನೆ ಆರಿಹೋಯಿತು.

ನಾಲ್ಕು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಅಕ್ಕ ತಟ್ಟೆಗೆ ಹಾಕಿಟ್ಟ ಉಪ್ಪಿಟ್ಟು ತಣ್ಣಗಾಯಿತು. ಪಟ್ಟಿಯ ಲಾರಿ, ನಾಯಿ, ಸ್ಟೆಂಟು ಒಂದರ ಹಿಂದೊಂದು ಕಣ್ಣ ಮುಂದೆ ಬಂದು ಹೋದವು. ಇಪ್ಪತ್ತೇಳು ನಿಮಿಷ! ಆಮೇಲೆ ಚುಕ್ಕಿ ಹೊತ್ತಿಕೊಂಡಿತು, ಫೋನೂ ಬಂತು.

"ತಟ್ಟೆ ಇಡ್ಲಿ ತಿಂತಿದ್ದೆ ಕಣಯ್ಯಾ! ಫೋನು ಗಾಡೀಲೇ ಇತ್ತು. ಏನಾಯ್ತು?"

"ಚುಕ್ಕಿ ಆರಿಹೋಯ್ತು ಭಾವ!"

"ಕೀ ತೆಗೆದೆ, ಆರಿತು. ಆರಲೇಬೇಕು! ಮೂರು ಭಾನುವಾರ ಮತ್ತೇನು ಮಾಡಿದ್ವಿ?" ದನಿಯಲ್ಲಿ ಏನು ಹೆಮ್ಮೆ!

ಅಕ್ಕ ನನ್ನ ಕೈಯಿಂದ ಫೋನು ಕಿತ್ತುಕೊಂಡಳು. "ರೀ, ಇವನು ಬೆಳಗ್ಗೆಯಿಂದ ಒಂದು ತುತ್ತು ಬಾಯಿಗಿಟ್ಟಿಲ್ಲ. ನೀವು ಅಲ್ಲಿ ಇಡ್ಲಿ ತಿನ್ನಿ."

ಆ ಕಡೆಯಿಂದ "ಹೂಂ" ಎಂದಷ್ಟೇ ಬಂತು.

ಮಧ್ಯಾಹ್ನ ಹಿರಿಯೂರಿನ ಆಚೆ ಚುಕ್ಕಿ ನಿಂತಿತು. ನನ್ನ ಉಸಿರೂ ನಿಂತಿತು. ಆದರೆ ಈ ಸಲ ಆರಲಿಲ್ಲ. ಹಸಿರಾಗಿ, ಮಿಣಮಿಣ ಎನ್ನುತ್ತಾ ಒಂದೇ ಕಡೆ ಇತ್ತು. ಹತ್ತು ನಿಮಿಷ, ಅರ್ಧ ಗಂಟೆ. ಎಲ್ಲೋ ಮರದ ನೆರಳಲ್ಲಿ ಆರಾಮಾಗಿದ್ದಾರೆ ಎನ್ನಿಸಿತು. ಅಕ್ಕ ಬಡಿಸಿದ ಹುಳಿಯನ್ನ ಎರಡು ಸಲ ಹಾಕಿಸಿಕೊಂಡು ತಿಂದೆ. ಮಜ್ಜಿಗೆ ಕುಡಿಯುವಾಗ ಫೋನು ಬಂತು.

ಬೆಂಕಿ ಹತ್ತಿರಲಿಲ್ಲ. ಲಾರಿ ಗುದ್ದಿರಲಿಲ್ಲ, ನಾಯಿ ಅಡ್ಡ ಬಂದಿರಲಿಲ್ಲ, ಸ್ಟೆಂಟು ಇದ್ದಲ್ಲೇ ಇತ್ತು. ಆದದ್ದು ನನ್ನ ಪಟ್ಟಿಯಲ್ಲೇ ಇರದಿದ್ದ ಒಂದು ಸಣ್ಣ ಸಂಗತಿ: ಬ್ಯಾಟರಿ ಇಳಿದುಹೋಗಿತ್ತು. ಮುಕ್ಕಾಲು ಗಂಟೆ, ಸುಡುಬಿಸಿಲಿನಲ್ಲಿ, ಹೋಟೆಲಿನ ಮುಂದೆ ನಿಂತ ಗಾಡಿಯ ಹೆಡ್‌ಲೈಟು, ಮಂಜಿನ ದೀಪ ಎಲ್ಲವೂ ಧಗಧಗ ಉರಿದಿದ್ದವಂತೆ. ಭಾವ ಅದರ ಪಕ್ಕದ ಕಟ್ಟೆಯ ಮೇಲೇ ತಟ್ಟೆ ಹಿಡಿದು ಕೂತು ಊಟ ಮಾಡಿದರಂತೆ. ಹೋಟೆಲಿನವರು ತಮ್ಮ ಬೈಕಿನಿಂದ ತಂತಿ ಕೊಟ್ಟು ಸ್ಟಾರ್ಟ್ ಮಾಡಿಕೊಟ್ಟರಂತೆ.

ನನಗೆ ನಗು ತಡೆಯಲಾಗಲಿಲ್ಲ. "ಭಾವ, ನೀವು! ಕೀ ತೆಗೆಯೋದು ಮರೆತುಬಿಟ್ರಾ?"



"ಮರೆಯೋದೇನಯ್ಯಾ? ತೆಗೆದ್ರೆ ನಿನ್ನ ಚುಕ್ಕಿ ಆರಿಹೋಗುತ್ತಲ್ಲ. ಅದಿರಲಿ, ನೀನು ಊಟ ಮಾಡಿದ್ಯಾ?"